ಬಾಗಿಲಲ್ಲಿ ನಿಂತು ಸುದ್ದಿ ಓದುತ್ತಿದ್ದವರು

ಅವರ ಹಣೆಯ ನಟ್ಟನಡುವೆ ಗೋಲಿಯಷ್ಟು ದಪ್ಪದ ಒಂದು ಬುಗುಟು ಇತ್ತು. ಆರಡಿ ಎತ್ತರದ ಆಳು. ನಮ್ಮ ಕಾಗವಾಡ ಕಡೆಯ ಹಳೇ ಮನೆಗಳ ಬಾಗಿಲುಗಳೋ ಗಿಡ್ಡ. ಬಗ್ಗಬೇಕೆಂಬುದು ಅವರಿಗೆ ತಲೆ ಬಡಿದ ಮೇಲೆಯೇ ನೆನಪಾಗುತ್ತಿತ್ತು. ನಾಲ್ಕು ಪುಟದ ವಾರಪತ್ರಿಕೆಯ ಸಂಪಾದಕರಿಗೆ ಊರವರ ಬಾಗಿಲಲ್ಲಿ ಏನು ಕೆಲಸ ಎನ್ನುತ್ತೀರಾ? ಅವರದೊಂದು ಪದ್ಧತಿ ಅದು. ಯಾರ ಬಗ್ಗೆ ಸುದ್ದಿ ಬರೆದರೋ ಅವರ ಮನೆಗೇ ಹೋಗಿ, ಅಚ್ಚಿಗೆ ಕೊಡುವ ಮೊದಲು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮರಾಠಿ ಮನೆಯಾದರೆ ಅಲ್ಲೇ ನಿಂತು ಮರಾಠಿಯಲ್ಲಿ. ಹೊಗಳಿದ್ದರೆ ಚಹಾ ಸಿಗುತ್ತಿತ್ತು, ಇಲ್ಲದಿದ್ದರೆ ಬೈಗುಳ. "ಬೆನ್ನ ಹಿಂದ ಹೇಳೂದು ಚಾಡಿ, ಮಾರೀ ಮುಂದ ಹೇಳೂದು ಸುದ್ದಿ" ಎನ್ನುವುದು ಅವರ ಮಾತು.

ಅವರ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ಪುಟ ಕಟ್ಟುವ ಕೆಲಸ ನನ್ನದು. ಕಾಕಾ ಎಂದೇ ಕರೆಯುತ್ತಿದ್ದೆ. ಹೆಂಡತಿ ತೀರಿದ ಮೇಲೆ ಅವರು ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಬೆಳಗಾದರೆ ಸಾಕು, ಐದಾರು ಜನ ಬಂದು ಕುಳಿತು, ಪೇಪರಿನ ತಪ್ಪು ಹುಡುಕಿ, ಅವರ ಚಹಾ ಕುಡಿದು ಹೋಗುತ್ತಿದ್ದರು. ಅವರಿಗೆ ತಪ್ಪುಗಳ ಬರ ಬಾರದಂತೆ ನಾನು ನೋಡಿಕೊಳ್ಳುತ್ತಿದ್ದೆ ಅನ್ನಿ.

ಆ ವರ್ಷ ಊರಿನ ಗಾಳಿ ಕೆಟ್ಟಿತ್ತು. ಮೊಬೈಲಿನಲ್ಲಿ ಯಾರೋ ಹಾಕಿದ ಒಂದು ಚಿತ್ರಕ್ಕೆ ಜಗಳವಾಗಿ, ಹಿಂದೂಗಳು ಮುಸಲ್ಮಾನರು ಒಬ್ಬರ ಅಂಗಡಿಗೆ ಒಬ್ಬರು ಹೋಗುವುದನ್ನು ಬಿಟ್ಟಿದ್ದರು. ಅಂಥದರಲ್ಲಿ ಶಿರಗುಪ್ಪಿ ದಾರಿಯ ರೈತರೊಬ್ಬರ ನಿಂತ ಕಬ್ಬು ಸುಟ್ಟುಹೋಯಿತು. ಹಿಂದಿನ ದಿನ ಆ ಹೊಲದ ಪಂಪಿನ ಮೋಟಾರು ಬಿಚ್ಚಲು ಹೋಗಿದ್ದವನು ಕೆಟ್ಟ ಮೋಟಾರುಗಳಿಗೆ ತಂತಿ ಸುತ್ತಿ ರಿವೈಂಡಿಂಗ್ ಮಾಡುವ ಒಬ್ಬ ಮುಸಲ್ಮಾನ. ಸಾಕಲ್ಲ, ಅವನೇ ಬೆಂಕಿ ಇಟ್ಟ ಎಂದಾಯಿತು. ಅಂಗಡಿಯ ಶಟರಿಗೆ ಕಲ್ಲು ಬಿದ್ದವು. ಅವನು ಹೆಂಡತಿ ಮಕ್ಕಳನ್ನು ಮಿರಜಿಗೆ ಕಳಿಸಿ, ತಾನು ಒಳಗೆ ಚಿಲಕ ಹಾಕಿಕೊಂಡು ಕುಳಿತ.

ಬೆಂಕಿಯ ಕಾರಣ ತಿಳಿದಿಲ್ಲ ಎಂದು ಕಾಕಾ ಸುದ್ದಿ ಬರೆದರು. ಪದ್ಧತಿಯಂತೆ ಆ ರೈತರ ಮನೆಗೆ ಓದಲು ಹೊರಟರು. ಫೋಟೊ ತೆಗೆಯಲು ನಾನೂ ಹೋದೆ. ರೈತರು ತಲೆ ತಗ್ಗಿಸಿ ಕೇಳುತ್ತಿದ್ದರು. ಕಾರಣ ತಿಳಿದಿಲ್ಲ ಎಂಬಲ್ಲಿಗೆ ಬಂದಾಗ ಅವರ ಹೆಂಡತಿ ಒಳಗಿನಿಂದ ಎದ್ದು ಬಂದರು.

"ತಿಳೀಲಾರದ್ದೇನೈತ್ರಿ? ಬಾಜೂ ಹೊಲದಾಗ ಕಬ್ಬ ಕಡದ ಮ್ಯಾಲ ಉಳದಿದ್ದ ರವದಿಗೆ ನಾವ ಬೆಂಕಿ ಹಚ್ಚಿದ್ವಿ. ಗಾಳಿ ಬಿಡ್ತು, ಕೈ ಮೀರ್ತು. ಆ ಬಡವನ್ನ ಯಾಕ ಕೊಲ್ಲಾಕತ್ತೀರಿ?"

ರೈತರು ಕಾಕಾರಿಗೆ ಕೈ ಮುಗಿದರು. "ಬರೀಬ್ಯಾಡ್ರಿ. ಮಂದಿ ನನ್ನ ಸಲುವಾಗಿ ಎದ್ದ ನಿಂತಾರ. ಈಗ ನಾನ ಹಚ್ಚೇನಿ ಅಂದ್ರ ಮಾರಿ ಹೆಂಗ ತೋರಸ್ಲಿ?"

"ನಿಮಗ ನಾಕ ದಿನಾ ನಾಚಿಕಿ ಆಗ್ತೈತ್ರಿ. ಅವಂದು ಜೀವಾ ಹೋಗ್ತೈತಿ" ಎಂದು ಕಾಕಾ ಪೆನ್ನು ತೆಗೆದು ಒಂದು ಸಾಲು ತಿದ್ದಿದರು. ಮತ್ತೆ ಮೊದಲಿನಿಂದ ಓದಿದರು. ರೈತರು ಎದ್ದು ಒಳಗೆ ಹೋದರು.

ಪೇಪರ್ ಹೊರಬಂದ ಮೇಲೆ ಕಲ್ಲು ಬೀಳುವುದು ನಿಂತಿತು, ಶಟರು ಮೇಲೆದ್ದಿತು. ಆದರೆ ನಮ್ಮ ಆಫೀಸಿಗೆ ಬರುವವರೂ ನಿಂತರು. "ನಮ್ಮವನಾಗಿ ನಮ್ಮವನ ಮಾನಾ ಕಳದ" ಎಂದು ಊರು ಆಡಿಕೊಂಡಿತು. ಮಡಿಕೆ ಬಿಚ್ಚದ ಪೇಪರುಗಳು ವಾಪಸ್ಸು ಬಂದವು. ರಿವೈಂಡಿಂಗಿನವನೂ ಬರಲಿಲ್ಲ; ತಾನು ಬಂದರೆ ಕಾಕಾರಿಗೆ ಇನ್ನಷ್ಟು ತೊಂದರೆ ಎಂದು ಹೆದರಿದನಂತೆ.

ಇನ್ನು ನನ್ನ ಮಾತು. ಪೇಪರ್ ಹೊರಬಂದ ಮರುದಿನವೇ "ಸ್ವಲ್ಪ ದಿನಾ ಹೋಗಬ್ಯಾಡ, ಮಂದಿ ಬಾಯಾಗ ಬೀಳೂದು ಯಾಕ" ಎಂದರು ನನ್ನ ಗಂಡ. ನಾನು ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ ಅವರು ಹಾಗೆ ಹೇಳಲೆಂದೇ ಕಾದಿದ್ದೆ. ಜ್ವರ ಎಂದು ಕಾಕಾರಿಗೆ ಫೋನ್ ಮಾಡಿದೆ. ಆ ಜ್ವರ ಎರಡು ತಿಂಗಳು ಇಳಿಯಲಿಲ್ಲ. ಸಂತೆಗೆ ಹೋಗುವಾಗ ಒಮ್ಮೆ ಆಫೀಸಿನ ಕಿಟಕಿಯಲ್ಲಿ ಕಾಕಾ ಕಂಡರು. ಕಂಪ್ಯೂಟರಿನ ಮುಂದೆ ಕುಳಿತು ಎರಡೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ಸುತ್ತ ಖಾಲಿ ಕುರ್ಚಿಗಳು. ನಾನು ಸೆರಗು ಎಳೆದುಕೊಂಡು ಮುಂದೆ ಹೋದೆ.

ಕೊನೆಗೊಂದು ದಿನ ನಾಚಿಕೆ ತಡೆಯದೆ ಹೋದೆ. ಕಾಕಾ ಕುರ್ಚಿ ತೋರಿಸಿದರು. "ಮೂರನೇ ಪುಟ ಉಳದೈತಿ ನೋಡವಾ ತಂಗಿ" ಎಂದರು, ಅಷ್ಟೇ.

ಕಳೆದ ವರ್ಷ ಕಾಕಾ ತೀರಿಕೊಂಡರು. ಪೇಪರೂ ನಿಂತಿತು. ಅವರ ಕೋಣೆ ಖಾಲಿ ಮಾಡುವಾಗ ಆ ಬೆಂಕಿಯ ಸಂಚಿಕೆ ಸಿಕ್ಕಿತು. ಅಲ್ಲಿಯವರೆಗೆ ಅದನ್ನು ನಾನು ಮುಟ್ಟಿಯೂ ನೋಡಿರಲಿಲ್ಲ. ಪ್ರತಿ ವಾರ ಕೊನೆಯ ಪುಟದ ಕೆಳಗೆ, ಪುಟವಿನ್ಯಾಸ ಎಂದು ನನ್ನ ಹೆಸರು ಇರುತ್ತಿತ್ತು. ಆ ವಾರವೂ ನಾನೇ ಕಟ್ಟಿದ ಪುಟ, ನಾನೇ ಹಾಕಿದ ಹೆಸರು. ಅಚ್ಚಿಗೆ ಹೋಗುವ ಮೊದಲು ಕಾಕಾ ಅದನ್ನು ಅಳಿಸಿ, ಅಲ್ಲಿ ತಮ್ಮ ಹೆಸರು ಹಾಕಿದ್ದರು. ನಾನು ಜ್ವರದ ನೆಪ ಹುಡುಕುವುದಕ್ಕೂ ಎರಡು ದಿನ ಮೊದಲು.