ಪಿನ್‌ಕೋಡ್ ಕೇಳಿದ ಬ್ಯಾಂಡು

ಕಳೆದ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ‘ಎರೆಗಾಳಿ’ ಬ್ಯಾಂಡು ಈ ವರ್ಷದ ತಿರುಗಾಟದ ಪಟ್ಟಿಯನ್ನು ಪ್ರಕಟಿಸಿತು. ಒಂಬತ್ತು ಊರುಗಳಿದ್ದವು. ಮುಂಬಯಿ ಇರಲಿಲ್ಲ.

ಆ ಹೊತ್ತಿಗೆ ನಾನು ಗ್ಯಾಸ್ ಏಜೆನ್ಸಿಗೆ ತೋರಿಸಲೆಂದು ಆಧಾರ್ ಕಾರ್ಡು ಹುಡುಕುತ್ತಿದ್ದೆ. ಕಪಾಟಿನಲ್ಲಿ, ಹಳೆಯ ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕಿತು. ಫೋಟೋ ನೋಡಿ ಬೇಸರಪಟ್ಟು ಜೇಬಿಗಿಟ್ಟೆ. ಅದರಲ್ಲಿ ಓದಬೇಕಾದದ್ದನ್ನು ಓದಲಿಲ್ಲ.

ಎರೆಗಾಳಿಯನ್ನು ನೀವು ಕೇಳಿರಲಿಕ್ಕಿಲ್ಲ. ವಿಜಯಪುರದ ಕಡೆಯ ಐದು ಜನ, ಒಂದು ವ್ಯಾನು. ಬೀಸುಕಲ್ಲಿನ ಪದಗಳನ್ನು ಗಿಟಾರಿಗೆ ಹೊಂದಿಸಿ ಊರೂರು ಹಾಡುತ್ತಾರೆ. ಮುಂಬಯಿಯ ಭಾಂಡುಪಿನಲ್ಲಿ, ಆ ಕಡೆಯಿಂದ ಬಂದವರೇ ತುಂಬಿರುವ ನಮ್ಮ ಚಾಳಿನ ವಠಾರದಲ್ಲಿ, ಆ ಹಾಡು ಬಾರದ ಖೋಲಿ ಇಲ್ಲ. ಪಕ್ಕದ ಖೋಲಿಯ ಶರಣಪ್ಪ ನೆಲಕ್ಕೆ ಫರ್ಸಿ ಕಲ್ಲು ಹಾಕುವ ಮೇಸ್ತ್ರಿ. ಅವನ ಮಗಳು ಪೂಜಾ ಕಾಲೇಜಿಗೆ ಹೋಗುತ್ತಾಳೆ. ಅಪ್ಪ ಅವ್ವ ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ; ನನ್ನೊಡನೆ ಹಿಂದಿ ಬೆರೆತ ಕನ್ನಡ. ಎರೆಗಾಳಿಯ ಹಾಡು ಹಚ್ಚಿದರೆ ಮಾತ್ರ ಅವಳ ಕನ್ನಡ ಎಲ್ಲಿಯೂ ಎಡವುವುದಿಲ್ಲ.

“ಸರ, ಆ ಬ್ಯಾಂಡು ಒಮ್ಮಿ ಇಲ್ಲಿಗೆ ಬರಬೇಕ್ರಿ,” ಎಂದಿದ್ದ ಶರಣಪ್ಪ. “ನಮ್ಮ ಮಂದಿ ನಡುವ ನಿಂತು ಹಾಡಿದ್ಲಂದ್ರ ಹುಡುಗಿ ನಾಚಿಕಿ ಬಿಡ್ತಾಳ. ಇಲ್ಲಂದ್ರ ನಾ ಸತ್ತಾಗ ಹಿಂದ್ಯಾಗ ಅಳ್ತಾಳ, ನೋಡ್ರಿ ಬೇಕಾರ.”

ಬ್ಯಾಂಡಿನವರ ಕ್ರಮ ಸರಳ. ಅವರನ್ನು ಕರೆಸಬೇಕೆನ್ನುವವರು ಫೋನಿನಲ್ಲಿ ಹೆಸರು, ಪಿನ್‌ಕೋಡ್ ತುಂಬಬೇಕು. ಎಲ್ಲಿಂದ ಹೆಚ್ಚು ಹೆಸರು ಬರುತ್ತವೋ ಅಲ್ಲಿಗೆ ವ್ಯಾನು. ಪೂಜಾ ನಾಲ್ಕು ಭಾನುವಾರ ಚಾಳಿನ ಬಾಯಲ್ಲಿ ನಿಂತು ಬಂದವರ ಹೆಸರನ್ನೆಲ್ಲ ತುಂಬಿದಳು. ಮೊದಲ ದಿನವೇ ನನ್ನದನ್ನೂ ಬರೆಸಿದ್ದೆ.

ನನಗೆ ಸಂಶಯ ಹುಟ್ಟಿದ್ದು ಮೂರನೆಯ ವಾರ. ಹೆಸರುಗಳು ತೀರ ಸಲೀಸಾಗಿ ಬೆಳೆಯುತ್ತಿದ್ದವು. ನಾನು ಕೆಲಸಕ್ಕಿದ್ದ ಕನ್ನಡ ಪತ್ರಿಕೆಯ ಸುದ್ದಿಮನೆಯಲ್ಲಿ ನಿಧನವಾರ್ತೆ ಬಂದರೂ ಮನೆಗೆ ಫೋನು ಮಾಡಿಯೇ ಹಾಕುತ್ತಿದ್ದವರು ನಾವು. ಒಮ್ಮೆ ಸತ್ತವರೇ ಫೋನೆತ್ತಿದ್ದರು. ಹುಡುಗಿ ಕಾಣದವರ ಹೆಸರನ್ನೂ ಸೇರಿಸುತ್ತಿರಬಹುದೇ ಎಂದು ಕೆಲವರಿಗೆ ಫೋನು ಮಾಡಿದೆ. ಎಲ್ಲರೂ ತಾವೇ ಬರೆಸಿದ್ದೆಂದರು. ಒಬ್ಬಾಕೆ ಗದರಿದಳು: “ಹೌದ್ರೀ, ನಾನ ಬರಸೀನಿ. ಸಾಕ್ಷಿ ಹೇಳಾಕ ಇದೇನು ಕೋರ್ಟ್ ಕೇಸೇನ್ರಿ?”

ಶರಣಪ್ಪನ ಸಂಶಯ, ನಮ್ಮಂತೆಯೇ ಹೆಸರು ತುಂಬುತ್ತಿದ್ದ ಚೆಂಬೂರಿನ ಕನ್ನಡಿಗರ ಮೇಲೆ. “ಅವರು ಫ್ಲ್ಯಾಟಿನ ಮಂದಿ ಸರ. ಏನರ ಸೆಟ್ಟಿಂಗ್ ಮಾಡ್ತಾರ.” ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ ಚೆಂಬೂರಿಗೂ ಹೋಗಿಬಂದೆ. ಅಲ್ಲಿನ ಪರಿಚಿತರೊಬ್ಬರು ಚಹಾ ಕೊಟ್ಟು, ದನಿ ತಗ್ಗಿಸಿ ಕೇಳಿದರು: “ನಿಮ್ಮ ಭಾಂಡುಪಿನಲ್ಲಿ ಒಬ್ಬರದ್ದೇ ಹೆಸರು ನಾಲ್ಕು ಸಲ ಹಾಕಿಸ್ತಾರಂತೆ, ಹೌದಾ ಮಾರಾಯ್ರೇ?” ಎರಡೂ ಕಡೆಯ ಮಾತು ಕೇಳಿಕೊಂಡೆ, ಎರಡನ್ನೂ ನಂಬಲಿಲ್ಲ.

ಭಾನುವಾರ ಪೂಜಾ ಫೋನು ಹಿಡಿದು ನನ್ನ ಬಾಗಿಲಿಗೆ ಬಂದಳು, ಹಿಂದೆ ಶರಣಪ್ಪ. “ಅಂಕಲ್, ಇದು ಪಕ್ಕಾ ಗಡಬಡ್, ಏನೋ ಮೋಸ ಇದೆ.” ಪಟ್ಟಿಯ ಕೆಳಗೆ ಬ್ಯಾಂಡಿನವರು ಪಿನ್‌ಕೋಡ್‌ವಾರು ಲೆಕ್ಕವನ್ನೂ ಹಾಕಿದ್ದರು. ಚೆಂಬೂರಿನಿಂದ ಅರವತ್ತೊಂದು. ಭಾಂಡುಪಿನಿಂದ ಒಂಬತ್ತು. ಎಲ್ಲಕ್ಕಿಂತ ಮೇಲೆ ಸಿಂದಗಿ ತಾಲೂಕಿನ ಒಂದು ಹಳ್ಳಿಯ ಅಂಚೆ. ಆದ್ದರಿಂದ ಬ್ಯಾಂಡು ಸಿಂದಗಿಗೆ.

ಶರಣಪ್ಪ ಕಣ್ಣು ಕಿರಿದು ಮಾಡಿ ನೋಡಿದ. “ಅಯ್ಯ, ಇದು ನಮ್ಮೂರ ಪೋಸ್ಟ್ ರೀ! ಇಷ್ಟ ಮಂದಿ ಅಲ್ಲಿ ಎಲ್ಲಿ ಅದಾರ? ಎಲ್ಲಾರೂ ಇಲ್ಲೇ ಅದೀವಲ್ಲ!”

“ಪಿನ್ ಹೇಗೆ ಕೇಳಿದೆಯಮ್ಮ?” ಎಂದೆ.

“ಪಿನ್ ಬೋಲೋ ಅಂದೆ. ಎಲ್ಲರೂ ಆಧಾರ್ ತೆಗೆದು ಕೊಟ್ರು. ಅದರಲ್ಲಿ ಇದ್ದಿದ್ದು ಟೈಪ್ ಮಾಡಿದೆ.”

ನಮ್ಮವರ ಬಾಡಿಗೆ ಖೋಲಿ ಹನ್ನೊಂದು ತಿಂಗಳಿಗೊಮ್ಮೆ ಬದಲಾಗುತ್ತದೆ. ಪ್ರತಿಸಲ ಕಾರ್ಡು ತಿದ್ದಿಸುವವರು ಯಾರು? ರೇಷನ್ನು, ಓಟು, ಆಧಾರ್ ಎಲ್ಲವೂ ಹಳ್ಳಿಯ ವಿಳಾಸದಲ್ಲೇ ಉಳಿದಿವೆ. ಚೆಂಬೂರಿನವರದು ಸ್ವಂತ ಫ್ಲ್ಯಾಟು, ಕಾರ್ಡಿನಲ್ಲಿಯೂ ಚೆಂಬೂರೇ.

“ನೀವು ಕಾರ್ಡ್ ಕೂಡ ನೋಡಿಲ್ಲ ಅಂಕಲ್,” ಎಂದಳು ಪೂಜಾ. “ಬಾಯಲ್ಲೇ ಹೇಳಿದ್ರಿ.”

ಜೇಬಿನಿಂದ ಕಾರ್ಡು ತೆಗೆದೆ. ಇಪ್ಪತ್ತೆರಡು ವರ್ಷ ಭಾಂಡುಪಿನ ಸ್ವಂತ ಖೋಲಿಯಲ್ಲಿದ್ದು, ಊರ ಮಂದಿಯ ಬರಹದ ತಪ್ಪುಗಳನ್ನು ತಿದ್ದುತ್ತ ಬಂದವನ ಕಾರ್ಡಿನ ಕೊನೆಯ ಸಾಲಿನಲ್ಲಿ ಸಿಂದಗಿ ತಾಲೂಕಿನ ಅದೇ ಹಳ್ಳಿಯ ಆರು ಅಂಕಿಗಳಿದ್ದವು.

“ಚೆಂಬೂರಿನವ್ರಿಗೆ ಸುಳ್ಳ ಬೈದೆ,” ಎಂದ ಶರಣಪ್ಪ. “ಆದ್ರೂ ಅವರು ಏನರ ಮಾಡೇ ಇರ್ತಾರ ಬಿಡ್ರಿ.”

ಪೂಜಾ ಇನ್ನೂ ಪಟ್ಟಿ ನೋಡುತ್ತಿದ್ದಳು. ಶಾಲೆಯ ಏಳನೆಯ ಇಯತ್ತೆಯ ನಂತರ ಅವಳು ಊರ ಕಡೆ ಕಾಲಿಟ್ಟಿಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲವೆಂಬುದು ಅವಳ ಖಾಯಂ ಕಾರಣ.

“ಪಪ್ಪಾ, ಸಿಂದಗಿಯಿಂದ ನಮ್ಮೂರು ಎಷ್ಟು ದೂರ?” ಕನ್ನಡದಲ್ಲೇ ಕೇಳಿದಳು.

ಶರಣಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ. “ಯಾಕ ಕೇಳಾಕತ್ತೀ?”

ಸೋಮವಾರ ಅವಳು ಸಿಂದಗಿಯ ದಾರಿಯಲ್ಲಿ ಸೊಲ್ಲಾಪುರದವರೆಗೆ, ನನ್ನದೂ ಸೇರಿ, ರೈಲಿನ ನಾಲ್ಕು ಟಿಕೆಟ್ ತೆಗೆಸಿದಳು. ನಾಲ್ಕೂ ವೇಟಿಂಗ್‌ನಲ್ಲಿದ್ದವು. ಇಂದು ಬೆಳಗ್ಗೆ ನೋಡಿದಾಗ ಶರಣಪ್ಪ, ಅವನ ಹೆಂಡತಿ, ಪೂಜಾ ಮೂವರಿಗೂ ಸೀಟು ಸಿಕ್ಕಿದೆ. ನನ್ನದು ವೇಟಿಂಗ್ ಒಂದು.