ಕಸವೆಂದು ಬಿಟ್ಟ ಕೋಶಗಳು

ಪವಾಯಿಯ ಲ್ಯಾಬಿನಲ್ಲಿ ನನ್ನ ಪ್ರೆಸೆಂಟೇಶನ್ನಿಗೆ ಅರ್ಧ ಗಂಟೆಯಷ್ಟೇ ಉಳಿದಿತ್ತು. ಜೀವಕೋಶಗಳು ಬೆಳೆದು ಎರಡಾಗಿ ಒಡೆಯುವುದನ್ನು ಲೆಕ್ಕ ಹಾಕುವ ನನ್ನ ಸಮೀಕರಣದ ಪ್ರಕಾರ, ಆಗತಾನೇ ಒಡೆದ ಪುಟ್ಟ ಕೋಶಗಳೇ ಹೆಚ್ಚಿರಬೇಕಿತ್ತು. ಎಣಿಕೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿದ್ದವರು ನಮ್ಮ ಲ್ಯಾಬ್ ಸಹಾಯಕರು, ನಮ್ಮ ವಿಜಯಪುರದ ಕಡೆಯ ಚಾಚಾ. ಎಲ್ಲರೆದುರೇ ಅವರ ಮೇಲೆ ಹರಿಹಾಯ್ದೆ.

“ಕಣ್ಣ ಮುಚ್ಚಿ ಎಣಿಸೀರೇನು ಚಾಚಾ? ಸಣ್ಣ ಸೆಲ್ ಎಲ್ಲಿ ಹೋದ್ವು?”

ಅವರು ನೋಟ್‌ಬುಕ್ಕಿನ ಮೊದಲ ಪುಟ ತೆರೆದು ನನ್ನ ಮುಂದಿಟ್ಟರು. ‘ತೀರಾ ಸಣ್ಣವು ಕಸ, ಎಣಿಸಬೇಡಿ.’ ಅಕ್ಷರ ನನ್ನದೇ.

“ಇವು ಬೆಳ್ಯಾಕತ್ತಾವ, ಕಸ ಬೆಳೀತದೇನು ಅಂತ ಅವತ್ತ ಕೇಳಿದ್ದೆ, ಮೇಡಂ. ನಿಮಗ ಟೈಮ್ ಇರಲಿಲ್ಲ.”

ಅಲ್ಲಿಯವರೆಗೆ ಅವರು ನನ್ನನ್ನು ಬೇಟಾ ಎಂದೇ ಕರೆಯುತ್ತಿದ್ದರು.