ಅರ್ಧ ಲೋಟ ನೀರು

ನಾನು ಗಜೇಂದ್ರಗಡದ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದಾಗ, ಅರಿವಳಿಕೆ ಕೊಡುವ ನಮ್ಮ ಡಾಕ್ಟರಮ್ಮನಿಗೆ ಐವತ್ತು ದಾಟಿತ್ತು. ಆದರೂ ಪ್ರತಿ ರವಿವಾರ ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಅಂಗಡಿಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ತಮಗಿಂತ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರ ಪಾಠ ಕೇಳುತ್ತಿದ್ದರು.

ಆಪರೇಷನ್ ಇರುವ ಮಕ್ಕಳಿಗೆ ನಾವು ಹಿಂದಿನ ರಾತ್ರಿಯಿಂದಲೇ ಹನಿ ನೀರೂ ಕೊಡುತ್ತಿರಲಿಲ್ಲ. ಅದು ಡಾಕ್ಟರಮ್ಮನದೇ ಕಟ್ಟಪ್ಪಣೆ. ಒಂದು ಸೋಮವಾರ ಬೆಳಿಗ್ಗೆ, ಹರ್ನಿಯಾ ಆಪರೇಷನ್ನಿಗೆ ಬಂದಿದ್ದ ರಾಜೂರಿನ ಪುಟ್ಟ ಹುಡುಗಿ ನೀರಿಗಾಗಿ ಅಳುತ್ತಿದ್ದಳು. ಡಾಕ್ಟರಮ್ಮ ಗಡಿಯಾರ ನೋಡಿ, "ಆಪರೇಷನ್ನಿಗೆ ಇನ್ನೂ ಮೂರು ತಾಸು ಐತಿ. ಆಕಿಗೆ ಅರ್ಧ ಲೋಟ ನೀರು ಕೊಡ್ರಿ," ಎಂದರು.

ನಾನು ಬೆರಗಾದೆ. "ನೀವ ಬ್ಯಾಡ ಅಂತಿದ್ರಲ್ರಿ, ಮೇಡಂ?"

"ಹೌದ್ರಿ ಸಿಸ್ಟರ್, ತಪ್ಪು ನಂದ. ಎರಡು ತಾಸು ಮೊದಲಿನ ತನಕ ಬರೇ ನೀರು ಕೊಡಬಹುದಂತ ನಿನ್ನಿ ಪಾಠದಾಗ ಹೇಳಿದ್ರು. ಇಷ್ಟು ವರ್ಷ ಮಕ್ಕಳನ್ನ ಸುಮ್ಮನ ಅಳಸೀನಿ ನೋಡ್ರಿ."

ಹುಡುಗಿಯ ತಾಯಿಯ ಎದುರಿಗೇ ಹಾಗೆ ಹೇಳಿದರು. ಅಷ್ಟು ಅನುಭವಸ್ಥ ಡಾಕ್ಟರು ನರ್ಸೊಬ್ಬಳ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಮೊದಲು ಕಂಡಿರಲೇ ಇಲ್ಲ. ಆಪರೇಷನ್ ಸುಸೂತ್ರವಾಗಿ ಆಯಿತು. ಸಂಜೆ ಅವರು ವಾರ್ಡಿನ ಗೋಡೆಯ ಮೇಲಿದ್ದ, ರಾತ್ರಿಯಿಂದ ನೀರು ಕೊಡಬಾರದೆಂಬ ಹಳೆಯ ಸೂಚನೆಯನ್ನು ತಾವೇ ಕಿತ್ತು, ಹೊಸದನ್ನು ಕೈಯಾರೆ ಬರೆದು ಅಂಟಿಸಿದರು.